ಕೊಸರಿಗೆ ಬಂದ ಪೇಟಿ

ನಮ್ಮ ಮನೆಗೆ ಪೇಟಿ ಬಂದದ್ದು ಕೊಸರಾಗಿ. ಶಿಕಾರಿಪುರದಲ್ಲಿ ಡೇರೆ ಹಾಕಿದ್ದ ಒಂದು ನಾಟಕ ಕಂಪನಿ ಮಳೆಗಾಲ ಹಿಡಿಯುವ ಹೊತ್ತಿಗೆ ಮುರಿದುಬಿತ್ತು. ಜವಳಿ ಅಂಗಡಿಯ ನಮ್ಮಪ್ಪ ಅವರ ಪರದೆಗಳನ್ನೆಲ್ಲ ಸಗಟಾಗಿ ಕೊಂಡರು. ಅರಮನೆ, ಕಾಡು, ಬೀದಿ, ಎಲ್ಲವನ್ನೂ ಒಗೆಸಿ ಚೀಲ ಹೊಲಿಸುವ ಯೋಚನೆ ಅವರದು. ವ್ಯಾಪಾರ ಮುಗಿದ ಮೇಲೆ ಅಭ್ಯಾಸಬಲದಿಂದ “ಕೊಸರು ಏನು ಕೊಡ್ತೀರಿ?” ಎಂದು ಕೇಳಿದರಂತೆ. ಕಂಪನಿಯ ಮಾಲೀಕ ಸಿಟ್ಟಿನಿಂದ ಮೂಲೆಯ ಕಾಲುಪೇಟಿ ತೋರಿಸಿ, “ಇದನ್ನೂ ಹೊತ್ಕೊಂಡು ಹೋಗ್ರಿ” ಅಂದ. ಅಪ್ಪ ನಿಜವಾಗಿಯೂ ಹೊರಿಸಿಕೊಂಡು ಬಂದರು.

ಕಾಲುಪೇಟಿ ಎಂದರೆ ಕುರ್ಚಿಯ ಮೇಲೆ ಕೂತು, ಕಾಲಿನಿಂದ ತಿದಿ ತುಳಿಯುತ್ತ, ಎರಡೂ ಕೈಯಲ್ಲಿ ನುಡಿಸುವ ಹಾರ್ಮೋನಿಯಂ. ಪಿಯಾನೋ ಎಂಬುದನ್ನು ನಾನು ಎಷ್ಟೋ ವರ್ಷದ ಮೇಲೆ ಸಿನಿಮಾದಲ್ಲಿ ಕಂಡೆ. ಓ, ಇದು ನಮ್ಮ ಪೇಟಿಯ ಸಾಹುಕಾರ ಅಣ್ಣ ಅನ್ನಿಸಿತು.

ಕಂಪನಿಯ ಜೊತೆ ಬಂದಿದ್ದ ಪೇಟಿ ರಿಪೇರಿಯ ಸಾಹೇಬರು ಮಾತ್ರ ಊರಲ್ಲೇ ಉಳಿದರು. ಕೊಡೆ, ಬೀಗ, ಗ್ಯಾಸ್‌ಲೈಟು ರಿಪೇರಿಗೆಂದು ಪೇಟೆಯಲ್ಲೊಂದು ಸಣ್ಣ ಅಂಗಡಿ ಹಾಕಿಕೊಂಡರು. ಮಾರುವ ಮೊದಲು ಸರಿ ಮಾಡಿಸೋಣವೆಂದು ಅಪ್ಪ ಅವರನ್ನು ಕರೆಸಿದರು. ಅವರು ಪೇಟಿಯ ಹೊಟ್ಟೆ ಬಿಚ್ಚಿ ಹಿತ್ತಾಳೆಯ ಸ್ವರಗಳನ್ನು ಒಂದೊಂದಾಗಿ ತೆಗೆದು, ಸಣ್ಣ ಅರದಿಂದ ತೀಡಿ, ಬಾಯಿಂದ ಊದಿ, ಕಿವಿಗೆ ಹಿಡಿದು ನೋಡುತ್ತಿದ್ದರು. ಹತ್ತು ವರ್ಷದ ನಾನು ಎದುರಿಗೇ ಕೂತಿದ್ದೆ. ಮೂರನೇ ದಿನ ಯಾವ ಸ್ವರ ತಪ್ಪಿದೆ ಎಂದು ಅವರಿಗಿಂತ ಮೊದಲು ನಾನೇ ಹೇಳಿಬಿಟ್ಟೆ. “ಈ ಹುಡುಗಿಗೆ ಕಿವಿ ಐತೆ ರೀ” ಎಂದು ಅಪ್ಪನಿಗೆ ಹೇಳಿದರು. ಪೇಟಿಯನ್ನು ಯಾರೂ ಕೊಳ್ಳಲಿಲ್ಲ. ನಾನು ಕಲಿತೆ. ಅವತ್ತಿನಿಂದ ಅವರು ನನಗೆ ಮಾಸ್ತರರು.

ಮೃದುವಾಗಿ ಕಲಿಸುವ ಜಾತಿಯವರಲ್ಲ ಅವರು. ಬೆರಳೊತ್ತುವ ಕರಿ-ಬಿಳಿ ಮನೆಗಳ ಮೇಲೆ ಟವೆಲ್ಲು ಹಾಸಿ, “ಕಣ್ಣಿಂದ ನುಡಿಸಬ್ಯಾಡ, ಕಣ್ಣು ಮೋಸ ಮಾಡ್ತದೆ” ಎಂದು ಬೈಯುತ್ತಿದ್ದರು. ತಪ್ಪಿದರೆ ಮೊದಲಿಂದ. ಅಳು ಬಂದರೂ ಮೊದಲಿಂದ. ಹಾಗೆ ಎಂಟು ವರ್ಷ. ಆಮೇಲೆ ಅದೇ ಊರಿನಲ್ಲಿ ನನ್ನ ಮದುವೆಯಾಯಿತು, ಪೇಟಿಯೂ ನನ್ನ ಹಿಂದೆ ಗಂಡನ ಮನೆಗೆ ಬಂತು. ನಮ್ಮತ್ತೆ ಅದರ ಸುತ್ತ ಒಂದು ಸುತ್ತು ಬಂದು, “ಹೊಲಿಗೆ ಮಿಷನ್ ಆಗಿದ್ರೆ ನಾಲ್ಕು ರವಿಕೆನಾದ್ರೂ ಆಗ್ತಿದ್ವು” ಅಂದರು. ಮಾಸ್ತರರಿಗೆ ಆ ಹೊತ್ತಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಂಗಡಿ ಮುಚ್ಚಿ ಸೊರಬದ ಮಗಳ ಮನೆಗೆ ಹೊರಟರು. ಹೊರಡುವ ದಿನ ನಮ್ಮ ಮನೆಗೆ ಬಂದು ಜಗಲಿಯಲ್ಲೇ ನಿಂತು ಹೇಳಿದರು: “ಇಷ್ಟು ವರ್ಷ ಗೋಡೆಗೆ ನುಡಿಸಿದ್ದಾಯ್ತು ಬೇಟಿ. ಜನದ ಮುಂದೆ ನುಡಿಸೋದು ಯಾವಾಗ? ಅದೊಂದು ನಾನು ಕೇಳ್ಬೇಕು.”

ಅದೊಂದನ್ನು ಕೇಳಿಸಬೇಕು ಎಂಬುದೇ ನನಗೆ ಹಗಲೂ ರಾತ್ರಿ ಹಿಡಿದ ಹುಚ್ಚಾಯಿತು. ಅದಕ್ಕೇ ಊರಿನ ಹೆಂಗಸರ ಬಳಗ ಸೇರಿದೆ. ಹನ್ನೆರಡು ಜನ ಪ್ರತಿ ಸೋಮವಾರ ಸೇರಿ ವಚನ ಹಾಡುತ್ತಿದ್ದರು. ಹಾಡುತ್ತಿದ್ದರು ಅನ್ನುವುದು ದೊಡ್ಡ ಮಾತು. ಎಲ್ಲರೂ ಒಟ್ಟಿಗೆ ಶುರು ಮಾಡುತ್ತಿದ್ದರು, ಅಷ್ಟೆ. ಆಮೇಲೆ ಒಬ್ಬರು ಶಿರಾಳಕೊಪ್ಪದ ಕಡೆ, ಇನ್ನೊಬ್ಬರು ಹೊನ್ನಾಳಿಯ ಕಡೆ. ಅಕ್ಕಿ ಗಿರಣಿಯ ಮನೆಯ ಯಜಮಾನಿತಿ ನಮ್ಮ ಅಧ್ಯಕ್ಷೆ. ಅವರಂತೂ ಶ್ರುತಿಯನ್ನು ಅಡುಗೆಮನೆಯಲ್ಲೇ ಬಿಟ್ಟು ಬರುತ್ತಿದ್ದರು. ಎರಡು ವರ್ಷ ನಾನು ಒಬ್ಬೊಬ್ಬರನ್ನೇ ಪೇಟಿಯ ಪಕ್ಕ ಕೂರಿಸಿಕೊಂಡು, ಒಂದೇ ಸ್ವರವನ್ನು ನೂರು ಸಲ ಒತ್ತಿ ದಾರಿಗೆ ತಂದೆ. ನನ್ನ ಕಾಲು ಬಾತುಕೊಂಡಿತು, ಅವರ ಗಂಟಲು ನೆಟ್ಟಗಾಯಿತು.

ಅವರಿಗೆ ಒಂದೇ ಸಂಕಟ. ಕಾಲುಪೇಟಿಗೆ ಕುರ್ಚಿ ಬೇಕು. ನನಗಿಂತ ಇಪ್ಪತ್ತು ವರ್ಷ ದೊಡ್ಡವರೆಲ್ಲ ಜಮಖಾನದ ಮೇಲೆ, ಮೊನ್ನೆ ಮೊನ್ನೆ ಮದುವೆಯಾಗಿ ಬಂದವಳು ಕುರ್ಚಿಯ ಮೇಲೆ! “ಸಿಂಹಾಸನ ಬಂತೇನವ್ವಾ?” ಎಂದು ಅಧ್ಯಕ್ಷೆ ಪ್ರತಿ ಸೋಮವಾರವೂ ಕೇಳುವರು, ಉಳಿದವರು ನಗುವರು. ತಮಾಷೆ ಎಂದು ನಾನೂ ನಗುತ್ತಿದ್ದೆ. ನನ್ನ ತಲೆ! ಅದು ತಮಾಷೆಯಾಗಿರಲಿಲ್ಲ.

ರಾಜ್ಯ ಒಂದಾದ ಮಾರನೇ ವರ್ಷವೋ ಅದರ ಮುಂದಿನ ವರ್ಷವೋ, ಸೊರಬದ ಮಹಿಳಾ ಸಮಾಜದವರು ತಮ್ಮ ವಾರ್ಷಿಕೋತ್ಸವಕ್ಕೆ ಹಾಡಲು ನಮ್ಮನ್ನು ಕರೆದರು. ರೇಡಿಯೋ ಸ್ಟೇಷನ್ನಿನವರೊಬ್ಬರು ಕೇಳಲು ಬರುತ್ತಾರೆ, ಮೆಚ್ಚಿದರೆ ಸ್ಟೇಷನ್ನಿಗೇ ಕರೆಸಿ ಹಾಡಿಸುತ್ತಾರೆ ಎಂದು ಕಾಗದದಲ್ಲಿತ್ತು. ಬಳಗದಲ್ಲಿ ಹಬ್ಬವೋ ಹಬ್ಬ. ನಡುವೆ ಹತ್ತು ನಿಮಿಷ ಪೇಟಿಯೊಂದನ್ನೇ ನುಡಿಸಲು ನನಗೆ ಬಿಡಬೇಕು ಎಂದು ಕೇಳಿದೆ. “ನುಡಿಸವ್ವಾ, ಯಾರು ಬ್ಯಾಡ ಅಂದ್ರು?” ಎಂದರು ಅಧ್ಯಕ್ಷೆ. ಅವತ್ತೇ ಮಾಸ್ತರರಿಗೆ ಕಾರ್ಡು ಹಾಕಿದೆ. ಮಗಳು ಓದಿ ಹೇಳಿ, ಅಪ್ಪ ಬಂದೇ ಬರ್ತಾರಂತೆ ಎಂದು ಉತ್ತರ ಬರೆದಳು.

ಪೇಟಿ ಬಸ್ಸಿನ ಟಾಪಿನಲ್ಲಿ ಜಮಖಾನ ಸುತ್ತಿಕೊಂಡು ಬಂತು. ಬಸ್ಸು ನಿಂತಲ್ಲೆಲ್ಲ ನಾನು ಕೆಳಗಿಳಿದು ಹಗ್ಗ ನೋಡುತ್ತಿದ್ದೆ. “ಕೂಸು ಮಲಗಿಸಿ ಬಂದೋರ ಹಂಗೆ ಆಡ್ತೀರಲ್ರೀ” ಎಂದು ಕಂಡಕ್ಟರು ರೇಗಿದ.

ಸೊರಬದ ಸ್ಕೂಲಿನ ಹಾಲಿನಲ್ಲಿ ಮಧ್ಯಾಹ್ನ ಮೂರಕ್ಕೇ ಪೇಟಿ ಜೋಡಿಸಿ ಸೀರೆ ಸೆರಗಿನಿಂದ ಧೂಳು ಒರೆಸುತ್ತಿದ್ದೆ. ರೇಡಿಯೋದವರು ಬೇಗನೆ ಬಂದಿದ್ದರು. ಕನ್ನಡಕ, ಇಸ್ತ್ರಿ ಪಂಚೆ, ಮೆಲುಮಾತು. ಪೇಟಿ ಕಂಡವರೇ ನಕ್ಕರು.

“ಇದು ಬೇಡ ತಾಯಿ. ರೇಡಿಯೋದಲ್ಲಿ ಹಾರ್ಮೋನಿಯಂ ನಡೆಯೋದಿಲ್ಲ. ಪರದೇಶದ ವಾದ್ಯ, ನಮ್ಮ ಗಮಕ ಅದರಲ್ಲಿ ನುಡಿಯೋದಿಲ್ಲ. ತಂಬೂರಿ ಇಟ್ಟುಕೊಂಡು ಹಾಡಿ.”

ನಾನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷೆ, “ಅದಕ್ಕೇನ್ರೀ, ಬ್ಯಾಡ ಅಂದ್ರೆ ಬ್ಯಾಡ. ಪೇಟಿ ಸುಮ್ನೆ ಸಾಥಿಗೆ ಅಂತ ತಂದಿದ್ವಿ” ಅಂದುಬಿಟ್ಟರು. ಎರಡು ವರ್ಷದ ದುಡಿಮೆ ಸುಮ್ಮನೆ ಸಾಥಿಗಂತೆ! ಮೈಯೆಲ್ಲ ಉರಿದುಹೋಯಿತು. ಉಳಿದ ಹನ್ನೊಂದು ಮುಖ ನೋಡಿದೆ. ಒಬ್ಬರು ಸೆರಗು ಸರಿಮಾಡಿಕೊಂಡರು, ಇನ್ನೊಬ್ಬರು ಜಮಖಾನದ ಸುಕ್ಕು ಬಿಡಿಸಿದರು.

“ನನ್ನ ಹತ್ತು ನಿಮಿಷ?” ಎಂದು ಅಧ್ಯಕ್ಷೆಯ ಕಿವಿಯಲ್ಲಿ ಕೇಳಿದೆ.

“ಹಟ ಮಾಡಬ್ಯಾಡ ಸುಮ್ನಿರು. ಹನ್ನೆರಡು ಜನದ ಅನ್ನಕ್ಕೆ ಮಣ್ಣು ಹಾಕ್ತೀಯಾ? ತಾಳ ಹಿಡ್ಕೊಂಡು ನಮ್ಮ ಜೊತೆ ಕೂತ್ಕೋ.”

ಯಾರದೋ ಮನೆಯಿಂದ ತಂಬೂರಿ ಬಂತು. ಅದರ ತಂತಿ ಎತ್ತಲಾಗೋ ಎಳೆಯುತ್ತಿತ್ತು. ಶ್ರುತಿ ಮಾಡಲು ಒಬ್ಬರಿಗೂ ಬರದು. ಆಗ ಆ ರೇಡಿಯೋದವರೇ ನನ್ನ ಕಡೆ ತಿರುಗಿ, “ಒಂದು ಸಲ ಪೇಟಿಯಲ್ಲಿ ಕರಿ ನಾಲ್ಕು ಒತ್ತಿ ತಾಯಿ, ಹೊಂದಿಸಿಕೊಳ್ಳೋಣ” ಎಂದರು. ಏನು ಜನವಪ್ಪಾ! ಪೇಟಿ ಬೇಡ, ಪೇಟಿಯ ಶ್ರುತಿ ಬೇಕು. ನಾನು ಒತ್ತಿದೆ. ಒತ್ತಿದ್ದಕ್ಕೆ ಇವತ್ತಿಗೂ ನನ್ನ ಕೈಯ ಮೇಲೆ ನನಗೆ ಸಿಟ್ಟು. ತಂಬೂರಿ ಹೊಂದಿಕೊಂಡಿತು. ಇಬ್ಬರು ಬಂದು ಪೇಟಿಯನ್ನು ಪಕ್ಕಕ್ಕೆ ತಳ್ಳಿ ಜಮಖಾನ ಹೊದಿಸಿದರು. ಸಾಲಿನ ಕೊನೆಯಲ್ಲಿ, ಅದಕ್ಕೆ ತಾಗಿಕೊಂಡು, ತಾಳ ಹಿಡಿದು ನಾನು ಕೂತೆ.

ಜನ ತುಂಬಿದರು. ಗಂಡಸರ ಕಡೆ ಹಿಂದಿನ ಬೆಂಚಿನ ತುದಿಗೆ ಮಾಸ್ತರರನ್ನು ಮಗಳು ಕರೆತಂದು ಕೂರಿಸಿದಳು. ಹಳೇ ಕರಿ ಕೋಟು ಹಾಕಿದ್ದರು, ತಲೆಗೆ ಟೋಪಿ. ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ ಬಲಗಿವಿಯನ್ನು ವೇದಿಕೆಗೆ ಕೊಟ್ಟರು. ಹಾಡು ಶುರುವಾಯಿತು.

ತಪ್ಪಲಿ ಎಂದು ನಾನು ಹಾರೈಸಿದೆ. ಸುಳ್ಳೇಕೆ ಹೇಳಲಿ? ಅಧ್ಯಕ್ಷೆಯ ಗಂಟಲು ಎರಡನೇ ಸಾಲಿಗೇ ಕುಸಿಯಲಿ, ಎಲ್ಲರೂ ನಗಲಿ, “ಪೇಟಿ ತೆಗೀರಿ” ಎಂದು ಯಾರಾದರೂ ಕೂಗಲಿ, ಶಿವನೇ ಇದೊಂದು ನಡೆಸಿಕೊಡು ಎಂದು ಬೇಡಿಕೊಂಡೆ. ಒಬ್ಬರೂ ತಪ್ಪಲಿಲ್ಲ. ಹನ್ನೆರಡು ಗಂಟಲು ಒಂದೇ ಗಂಟಲಾಗಿ ನಿಂತಿತು. ಅಷ್ಟು ಚೆನ್ನಾಗಿ ನಾನೇ ಕಲಿಸಿಟ್ಟಿದ್ದೆ, ಹಾಳಾದವಳು.

ಮೊದಲ ಹಾಡಿಗೆ ಮಾಸ್ತರರು ಕಿವಿ ಕೊಟ್ಟೇ ಇದ್ದರು. ಎರಡನೆಯದಕ್ಕೆ ಪಕ್ಕದವರನ್ನು ಏನೋ ಕೇಳಿದರು. ಅವರು ತಂಬೂರಿ ತೋರಿಸಿ ಏನೋ ಹೇಳಿದರು. ಮೂರನೆಯದರ ನಡುವೆ ಎದ್ದು, ಬೆಂಚು ಹಿಡಿದು ತಡವರಿಸಿ, ಮಗಳ ಹೆಗಲು ಸಿಕ್ಕಿದ ಮೇಲೆ ಬಾಗಿಲ ಕಡೆ ನಡೆದರು. ಮಾಸ್ತರ್ರೇ ಎಂದು ಕೂಗಬೇಕೆನ್ನಿಸಿತು. ಕೈ ಚಾಚಿದರೆ ಜಮಖಾನದ ಅಂಚು ಸಿಗುತ್ತಿತ್ತು. ಕಾಲಲ್ಲಿ ಒಂದು ತುಳಿತ, ಬೆರಳಲ್ಲಿ ಒಂದು ಸ್ವರ ಸಾಕಿತ್ತು, ಅವರು ತಿರುಗುತ್ತಿದ್ದರು. ಎದುರಿಗೆ ರೇಡಿಯೋದವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನಾನು ತಾಳ ಹಾಕುತ್ತಲೇ ಇದ್ದೆ.

ಹಾಡು ಮುಗಿದ ಮೇಲೆ ರೇಡಿಯೋದವರು ಎದ್ದು ನಿಂತು ಹೊಗಳಿದರು. “ಶ್ರುತಿ ಎಷ್ಟು ಚೊಕ್ಕ! ಯಾರು ಹೇಳಿಕೊಟ್ಟರು ನಿಮಗೆ?” ಎಂದು ಕೇಳಿದರು. “ಯಾರೂ ಇಲ್ರೀ, ಎಲ್ಲಾ ದೇವರ ದಯೆ” ಎಂದರು ಅಧ್ಯಕ್ಷೆ. ದೇವರ ಹೆಸರು ಬಂದ ಮೇಲೆ ನಾನು ಏನು ಹೇಳಲಿ? ಮುಂದೆ ಸ್ಟೇಷನ್ನಿಗೂ ಹೋಗಿ ಹಾಡಿ ಬಂದರು. ನಾನು ಹೋಗಲಿಲ್ಲ. ಬಾ ಎಂದು ಯಾರೂ ಕರೆಯಲೂ ಇಲ್ಲ.

ಅವತ್ತು ಸೊರಬದಲ್ಲೇ ಉಳಿದಿದ್ದೆವು. ಬೆಳಿಗ್ಗೆ ಬಸ್ಸಿಗೆ ಮುಂಚೆ ಮಾಸ್ತರರ ಮನೆ ಹುಡುಕಿಕೊಂಡು ಹೋದೆ. ಅಂಗಳದ ಬಿಸಿಲಿನಲ್ಲಿ ಕೂತಿದ್ದರು. ನನ್ನ ದನಿ ಕೇಳಿ ಮುಖ ಅರಳಿತು.

“ಎಲ್ಲಿ ಹೋಗಿದ್ದೆ ಬೇಟಿ? ನಿನ್ನೆ ನೀನು ಬರ್ಲೇ ಇಲ್ಲ. ಮೈ ಹುಷಾರಿರ್ಲಿಲ್ಲೇನು?”

ನೆಪವನ್ನು ಅವರೇ ಕೈಗೆ ಕೊಟ್ಟಿದ್ದರು. ಹೂಂ ಅಂದಿದ್ದರೆ ಮುಗಿದಿತ್ತು. ಅವರ ಎದುರು ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ, ಅಳುತ್ತ, ಅಧ್ಯಕ್ಷೆಯನ್ನು ಶಪಿಸುತ್ತ. ಅವರೂ ನನ್ನ ಜೊತೆ ಬೈಯುತ್ತಾರೆ ಎಂದುಕೊಂಡಿದ್ದೆ.

“ಪೇಟಿ ಎಲ್ಲಿತ್ತು?” ಎಂದು ಕೇಳಿದರು.

“ಪಕ್ಕದಲ್ಲೇ.”

“ಕೈಗೆ ಸಿಗ್ತಿತ್ತಾ?”

“ಸಿಗ್ತಿತ್ತು.”

“ನಾನು ಎದ್ದು ಹೋಗಿದ್ದು ನೋಡಿದ್ಯಾ?”

“ನೋಡಿದೆ ಮಾಸ್ತರ್ರೇ.”

“ನೀನು ಏನು ಮಾಡ್ತಿದ್ದೆ ಆಗ?”

“ತಾಳ ಹಾಕ್ತಿದ್ದೆ.”

ಮಗಳು ಚಾ ತಂದಿಟ್ಟು ಒಳಗೆ ಹೋದಳು. ಅವರು ಲೋಟವನ್ನು ಮುಟ್ಟಲಿಲ್ಲ.

“ನೀನು ಬಂದಿರ್ಲಿಲ್ಲ ಅಂತಲೇ ಇರ್ಲಿ ಬೇಟಿ” ಎಂದರು. “ಯಾರಾದ್ರೂ ಕೇಳಿದ್ರೆ ನಾನು ಹಂಗೇ ಹೇಳ್ತೀನಿ. ನೀನೂ ಹಂಗೇ ಹೇಳು.”