ನಿನ್ನೆ ಬರುತ್ತೇನೆ

ಶುಕ್ರವಾರ, ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ. ಹಾಜರಿದ್ದವರು ನಾನು ಮತ್ತು ನನ್ನ ಹೆಂಡತಿ. ಕೆಲಸ, ಅಟ್ಟದ ಮೇಲಿನ ಹಳೆಯ ಕಾಗದದ ಕಟ್ಟುಗಳನ್ನು ಇಳಿಸಿ ವಿಂಗಡಿಸುವುದು. ಮೂರನೆಯ ಕಟ್ಟಿನ ದಾರ ಬಿಚ್ಚಿದಾಗ ಸೀಮೆಎಣ್ಣೆಯ ವಾಸನೆ ಬಂತು. ಅಚ್ಚಿನ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ ಕಾಲದ ಕಾಗದ ಅದು. "ಇದನ್ನ ಒಲೆ ಹತ್ರ ಮಾತ್ರ ತರ್ಬೇಡಿ" ಎಂದು ಹೆಂಡತಿ ಮೂಗು ಮುಚ್ಚಿಕೊಂಡಳು. ನನ್ನ ಕೈಯಲ್ಲಿದ್ದದ್ದು ನೀಲಿ ಶಾಯಿಯ ಒಂದು ಹಸ್ತಪ್ರತಿ. ಅಕ್ಷರ ಲಾಂಚಣ್ಣನದು.

ನಾನು ಸಾಗರದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನಾಗಿದ್ದೆ. ಒಂಬತ್ತಕ್ಕೆ ಕುರ್ಚಿಯಲ್ಲಿರಬೇಕು, ಪ್ರತಿ ಪುಟಕ್ಕೂ ಮೂರು ಓದು, ಗೆರೆ ಎಳೆದು ಹೊಡೆದ ಪದಕ್ಕೆ ಅಂಚಿನಲ್ಲಿ ಬದಲಿ ಪದ. ತಿದ್ದಿದ್ದೇ ತಪ್ಪೆಂದು ಗೊತ್ತಾದರೆ ಹೊಡೆದ ಪದದ ಕೆಳಗೆ ಸಾಲಾಗಿ ಚುಕ್ಕಿ ಇಡಬೇಕು. ಮೊದಲಿದ್ದಂತೆಯೇ ಇರಲಿ ಎಂದು ಅದರ ಅರ್ಥ. ಆ ಚುಕ್ಕಿಗಳನ್ನು ಇಡುವ ಪ್ರಸಂಗ ನನಗೆ ಬಹಳ ಬರುತ್ತಿರಲಿಲ್ಲ. ಅದು ಆಗ ಹೆಮ್ಮೆಯ ವಿಷಯವಾಗಿತ್ತು.

ಲಾಂಚಣ್ಣ ಆಣೆಕಟ್ಟಿನ ಹಿನ್ನೀರು ದಾಟಿ ತುಮರಿ ಕಡೆಗೆ ಹೋಗುವ ಲಾಂಚ್ ನಡೆಸುತ್ತಿದ್ದರು. ಅವರು ಹುಟ್ಟಿದ ಊರು ಆ ಹಿನ್ನೀರಿನ ಅಡಿಯಲ್ಲೇ ಇತ್ತು. ದಿನಕ್ಕೆ ಹತ್ತು ಹನ್ನೆರಡು ಸಲ ತಮ್ಮ ಮನೆಯ ಮೇಲೆಯೇ ದಾಟುತ್ತಿದ್ದರು. ಜನ ತುಂಬುವವರೆಗೆ ದಡದಲ್ಲಿ ಕೂತು ಕತೆ ಬರೆಯುತ್ತಿದ್ದರು, ಎಲ್ಲವೂ ಕಾಲದಲ್ಲಿ ಹಿಂದಕ್ಕೆ ಹೋಗುವ ಕತೆಗಳು. ರಿವರ್ಸ್ ಗೇರ್ ಹಾಕಿದರೆ ಲಾಂಚು ನೀರೊಳಗೆ ಇಳಿದು ಹಳೆಯ ಊರಿನ ಬೀದಿಯಲ್ಲಿ ನಿಲ್ಲುತ್ತಿತ್ತು. ನಮ್ಮಲ್ಲಿ ಅಚ್ಚಾಗುತ್ತಿದ್ದ ವಾರಪತ್ರಿಕೆಗೆ ಅವನ್ನು ಕೊಡಲು ಬಂದರೆ ಮೊಳೆ ಜೋಡಿಸುವವನು ಕೀಟಲೆ ಮಾಡುತ್ತಿದ್ದ.

"ಲಾಂಚಣ್ಣ, ಇವತ್ತು ಯಾವ ವರ್ಷದಿಂದ ಬಂದ್ರಿ?"

"ಏಳೂಕಾಲಿನ ಲಾಂಚಿಗೆ ಬಂದೆ ಮಾರಾಯ. ವರ್ಷ ನೋಡ್ಲಿಲ್ಲ."

ಅವರು ನಿಜವಾಗಿ ಬರೆಯಬೇಕೆಂದಿದ್ದದ್ದು ಒಂದೇ ಕತೆ. ಊರು ಮುಳುಗುವ ಮುಂಚೆ ಅವರ ಕುಟುಂಬವನ್ನು ಲಾರಿಯಲ್ಲಿ ತಂದು ಹೊಸನಗರದ ಕಡೆಯ ಕಾಡಿನಲ್ಲಿ ಇಳಿಸಿದರಂತೆ. ಮೊದಲ ವರ್ಷವೇ ಜ್ವರ ಬಂದು ಐದು ವರ್ಷದ ತಂಗಿ ತೀರಿಕೊಂಡಳು. ಮರುವರ್ಷ ಇನ್ನೊಂದು ಹೆಣ್ಣು ಹುಟ್ಟಿತು. ಹೋದವಳೇ ಬಂದಳೆಂದು ತಾಯಿ ಅದಕ್ಕೂ ಅದೇ ಹೆಸರಿಟ್ಟರು. ಈ ಎರಡನೆಯ ತಂಗಿಯೇ ಲಾಂಚಣ್ಣನ ಮನೆ ನೋಡಿಕೊಂಡಿದ್ದಳು, ಅವರ ಕತೆಗಳನ್ನು ಮೊದಲು ಓದುತ್ತಿದ್ದವಳೂ ಅವಳೇ.

ಕತೆಯ ನಾಯಕ ಹಿಂದಕ್ಕೆ ಹೋಗಿ ಲಾರಿಯನ್ನು ತಡೆಯುತ್ತಾನೆ, ಮಗು ಉಳಿಯುತ್ತದೆ. ಮೊದಲು ಬರೆದದ್ದು ಹಾಗೆ. ಆದರೆ ಮಗು ಸಾಯದಿದ್ದರೆ ಅವನು ಹಿಂದಕ್ಕೆ ಹೋಗುವ ಕಾರಣವೇ ಇಲ್ಲ. ಹೋಗದಿದ್ದರೆ ಮಗು ಉಳಿಯುವುದಿಲ್ಲ. ಈ ಗಂಟನ್ನು ನನ್ನ ಮೇಜಿನ ಮುಂದೆ ನಿಂತು ಎಷ್ಟು ಸಲ ಬಿಡಿಸಲು ನೋಡಿದರೋ... ಕೊನೆಗೆ ಗಂಟು ಬಿಗಿದವಳು ತಂಗಿ. ಓದಿ ಮುಗಿಸಿ, ಪಾತ್ರೆ ತೊಳೆಯುತ್ತಲೇ ಕೇಳಿದಳಂತೆ: "ಅವ್ಳು ಉಳಿದ್ರೆ ನಾನು ಹುಟ್ಟೋದೇ ಇಲ್ಲ. ನಾನೆಲ್ಲಿಗೆ ಹೋಗ್ಲಿ ಅಣ್ಣಾ?"

ಆಮೇಲೆ ಆರು ತಿಂಗಳು ಅವರು ಏನನ್ನೂ ತರಲಿಲ್ಲ. ತಂದ ದಿನ ಕಾಗದ ಮೇಜಿನ ಮೇಲಿಟ್ಟು, "ಈಗ ಇಬ್ರಿಗೂ ಜಾಗ ಆಗಿದೆ. ತಂಗಿಗೆ ತೋರ್ಸಿಲ್ಲ, ಅಚ್ಚಾದ್ಮೇಲೇ ಓದ್ಲಿ" ಎಂದಷ್ಟೇ ಹೇಳಿ ಬಸ್ಸಿಗೆ ಓಡಿದರು.

ಈ ಸಲ ನಾಯಕ ಲಾರಿ ಬರುವ ಹಿಂದಿನ ದಿನ ಊರಿಗೆ ಬಂದು, ತಂಗಿಯ ಜೊತೆ ಕಲ್ಲಾಟ ಆಡುತ್ತಾನೆ. ಹೊರಡುವಾಗ ಮಗು, ಮತ್ತೆ ಯಾವಾಗ ಬರುತ್ತೀಯಾ ಎಂದು ಕೇಳುತ್ತದೆ. ಅವನು "ನಿನ್ನೆ ಬರುತ್ತೇನೆ" ಎನ್ನುತ್ತಾನೆ. ಕತೆ ಅಲ್ಲಿಗೆ ಮುಗಿಯುತ್ತದೆ.

ನಾನು ಮೂರು ಸಲ ಓದಿದೆ. ನಿನ್ನೆ ಎಂದ ಮೇಲೆ ಬಂದೆ ಎನ್ನಬೇಕು, ಬರುತ್ತೇನೆ ಎಂದರೆ ನಾಳೆ ಎನ್ನಬೇಕು. "ನಿನ್ನೆ" ಹೊಡೆದು ಅಂಚಿನಲ್ಲಿ "ನಾಳೆ" ಎಂದು ಬರೆದೆ. ಹಾಗೆಯೇ ಅಚ್ಚಾಯಿತು.

ಪತ್ರಿಕೆ ಬಂದ ನಾಲ್ಕನೆಯ ದಿನ ಲಾಂಚಣ್ಣ ಬಂದರು. ದನಿ ಏರಿಸಲಿಲ್ಲ. "ನಾಳೆ ಅಂದ್ರೆ ಲಾರಿ ಬರೋ ದಿನ ಅಲ್ವಾ ಸರ್. ನಾಳೆ ಹೋದ್ರೆ ಲಾರಿ ತಡೀಬೇಕಾಗ್ತದೆ. ಲಾರಿ ತಡೆದ್ರೆ ನನ್ ತಂಗಿ ಇಲ್ಲ. ಅದಕ್ಕೇ ಅವ್ನು ಬರೀ ಹಿಂದಿನ ದಿನಗಳಿಗೆ ಹೋಗ್ತಾನೆ, ಆಡಿ ಬರಕ್ಕೆ." ತಂಗಿ ಎರಡು ದಿನದಿಂದ ಮಾತು ಬಿಟ್ಟಿದ್ದಳು. ಇವರು ಪೆನ್ಸಿಲಿನಲ್ಲಿ ತಿದ್ದಿ ತೋರಿಸಿದರೆ, "ಅಚ್ಚಾಗಿದ್ದು ಅಚ್ಚಾಗಿದ್ದೇ. ನೀನು ಈಗ ಬರ್ದಿದ್ದು ನನ್ ಸಮಾಧಾನಕ್ಕೆ" ಎಂದಳಂತೆ.

ಹಸ್ತಪ್ರತಿ ಇದ್ದರೆ ಕೊಡಿ ಎಂದು ಕೇಳಿದರು. ಅರ್ಧ ಗಂಟೆ ಹುಡುಕಿದೆ, ಸಿಗಲಿಲ್ಲ. ತಿದ್ದುಪಡಿ ಹಾಕಿಸುತ್ತೇನೆಂದೆ. ಒಂದು ಪದಕ್ಕೆ ಜಾಗವಿಲ್ಲ ಎಂದರು ಸಂಪಾದಕರು. ನಾನು ಮತ್ತೆ ಕೇಳಲಿಲ್ಲ. ವ್ಯಾಕರಣ ನನ್ನ ಕಡೆಗಿತ್ತಲ್ಲ... "ಇರ್ಲಿ ಬಿಡಿ, ನಿಮ್ಮ ಕೆಲಸ ನೀವು ಮಾಡಿದ್ರಿ" ಎಂದು ಅವರು ಹೋದರು. ಆಮೇಲೆ ಕತೆ ತರಲಿಲ್ಲ. ಅಣ್ಣ ತಂಗಿ ಮತ್ತೆ ಮಾತಾಡಿದರು, ಒಂದೇ ಮನೆಯಲ್ಲಿ ಉಂಡರು. ಆದರೆ ಅವಳು ಅವರ ಕತೆ ಓದುವುದನ್ನು ಬಿಟ್ಟಳು, ಅವರು ಬರೆಯುವುದನ್ನು ಬಿಟ್ಟರು. ಹಿನ್ನೀರಿಗೆ ಕಟ್ಟಿದ ಹೊಸ ಸೇತುವೆಯ ಮೇಲೆ ಬಸ್ಸು ಓಡುವ ಮುಂಚೆಯೇ ಲಾಂಚಣ್ಣ ತೀರಿಕೊಂಡರು.

ಮುದ್ರಣಾಲಯ ಮುಚ್ಚಿದಾಗ ನಾನು ಮನೆಗೆ ಹೊತ್ತು ತಂದ ಕಟ್ಟುಗಳಲ್ಲಿ, ಬೇರೆ ಯಾರದೋ ಲೇಖನದ ನಡುವೆ, ಆ ಪುಟ ಇತ್ತು.

ತಂಗಿ ಈಗ ತೀರ್ಥಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆಂದು ಗೊತ್ತಿತ್ತು. ಉಳಿದ ಕಟ್ಟುಗಳನ್ನು ಹೆಂಡತಿಗೆ ಬಿಟ್ಟು, ಹೊಸನಗರದ ಮೇಲೆ ಹೋಗುವ ಬಸ್ಸು ಹಿಡಿದೆ. ಎರಡೂವರೆಗೆ ಅಂಗಡಿಯಲ್ಲಿದ್ದೆ. ನಾನು ಯಾರೆಂದು ಹೇಳಿ ಪುಟ ಕೊಟ್ಟೆ. ಅವರು ಕನ್ನಡಕ ಏರಿಸಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ನೀಲಿಯ "ನಿನ್ನೆ"ಯ ಮೇಲೆ ಕೆಂಪು ಗೆರೆ.

"ಈ ಕೆಂಪು ನಿಮ್ದಾ?"

"ನಂದೇ."

ಅವರು ಗೆರೆಯಡಿಯ ನೀಲಿ ಅಕ್ಷರಗಳ ಮೇಲೆ ಬೆರಳು ಎಳೆದರು. "ಹಂಗಾರೆ ಅವ್ನು ಮೊದ್ಲೇ ಬರ್ದಿದ್ದ" ಎಂದರು. ಮತ್ತೆ, ನನಗಲ್ಲ, ಆ ಕಾಗದಕ್ಕೆ ಹೇಳಿದರು: "ನಾನು ಅವನ್ನ ಸುಳ್ಳುಗಾರ ಮಾಡಿಟ್ಟಿದ್ದೆ."

ಸುಳ್ಳು ಮಾಡಿದವನು ನಾನು ಎಂದೆ. ಅದನ್ನು ಕೇಳಬೇಕಾಗಿದ್ದವರು ಅಲ್ಲಿರಲಿಲ್ಲ... ಚುಕ್ಕಿಗಳ ಅರ್ಥವನ್ನು ವಿವರಿಸಿದೆ. ಅವರು ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಿಕೊಟ್ಟರು. ಜೇಬಿನಿಂದ ಕೆಂಪು ಪೆನ್ನು ತೆಗೆದು "ನಿನ್ನೆ"ಯ ಕೆಳಗೆ ಮೂರು ಚುಕ್ಕಿ ಇಟ್ಟು, ಅಂಚಿನ "ನಾಳೆ"ಯನ್ನು ಹೊಡೆದು ಹಾಕಿದೆ. ಶಾಯಿ ಒಣಗಲು ಅವರು ಮೆಲ್ಲನೆ ಊದಿದರು. ಆಗ ಮೂರು ಗಂಟೆ ಐದು ನಿಮಿಷ.