ಮಗ ಗೇಮ್ ಆಡ್ತಾನಾ ಸಾರ್?

‘‘ಮಗ ಗೇಮ್ ಆಡ್ತಾನಾ ಸಾರ್?’’

ಕಂಪ್ಯೂಟರ್ ರಿಪೇರಿಗೆ ಬಂದಾತ ಈ ಪ್ರಶ್ನೆ ಕೇಳಿದ್ದು ನಮ್ಮ ಯಜಮಾನರನ್ನು. ಆತ ಬಂದಾಗ ಕಂಪ್ಯೂಟರ್ ಮುಂದೆ ಕೂತಿದ್ದವಳು ನಾನು. ಮೌಸ್ ಹಿಡಿದಿದ್ದವಳು ನಾನು. ಅಂಗಡಿಗೆ ಫೋನ್ ಮಾಡಿ, ತೊಂದರೆ ಏನೆಂದು ಬಿಡಿಸಿ ಹೇಳಿ ಆತನನ್ನು ಕರೆಸಿದವಳೂ ನಾನೇ. ಆದರೂ ಪ್ರಶ್ನೆ ನನ್ನ ತಲೆಯ ಮೇಲಿಂದ ಹಾದು, ಸೋಫಾದಲ್ಲಿ ಪೇಪರ್ ಓದುತ್ತಿದ್ದ ಅವರ ಹತ್ತಿರ ಹೋಯಿತು.

ನಮಗೆ ಮಗನಿಲ್ಲ. ಇರುವವಳು ಒಬ್ಬಳೇ ಮಗಳು. ನೆಲಮಂಗಲದಿಂದ ದಿನಾ ದಾಬಸ್‌ಪೇಟೆಯ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುತ್ತಾಳೆ, ಅವಳಿಗೆ ಗೇಮ್ ಎಂದರೆ ತಲೆನೋವು. ನಮ್ಮ ಮನೆಯಲ್ಲಿ ಗೇಮ್ ಆಡುವುದು ನಾನು.

ಹೌದು, ನಾನೇ. ಐವತ್ತು ದಾಟಿದವಳು, ಮಂಡಿನೋವಿನವಳು, ವಾರಕ್ಕೊಮ್ಮೆ ಈ ಪುಟದಲ್ಲಿ ನಿಮ್ಮ ತಲೆ ತಿನ್ನುವವಳು. ಮಧ್ಯಾಹ್ನದ ಊಟ ಮುಗಿದು, ಅಡುಗೆಮನೆ ಕಟ್ಟೆ ಒರೆಸಿದ ಮೇಲಿನಿಂದ ಸಂಜೆ ಕಾಫಿಗೆ ಹಾಲಿಡುವವರೆಗೆ ನಾನು ಲಾರಿ ಓಡಿಸುತ್ತೇನೆ. ಕಂಪ್ಯೂಟರಿನಲ್ಲಿ. (ನಗಬೇಡಿ. ಉದ್ದದ ಟ್ರೇಲರನ್ನು ರಿವರ್ಸ್ ತೆಗೆದು ಗೋಡೌನ್ ಬಾಗಿಲಿಗೆ ನೇರ ನಿಲ್ಲಿಸುವುದು ಎಷ್ಟು ಕಷ್ಟ ಎಂಬುದು ಆಡಿದವರಿಗೇ ಗೊತ್ತು.)

ಲಾರಿಯೇ ಯಾಕೆ? ನಾನು ಲಾರಿ ಮನೆಯಲ್ಲಿ ಹುಟ್ಟಿದವಳು. ನಮ್ಮಪ್ಪ ತುಮಕೂರು ರೋಡಿನಲ್ಲಿ ಲಾರಿ ಓಡಿಸುತ್ತಿದ್ದರು. ಆಯುಧಪೂಜೆಯ ದಿನ ಪೂಜೆ ಮುಗಿಸಿ, ನನ್ನನ್ನೂ ತಮ್ಮನನ್ನೂ ಲಾರಿ ಹತ್ತಿಸಿಕೊಂಡು ಊರು ಸುತ್ತಿಸುತ್ತಿದ್ದರು. ತಮ್ಮನಿಗೆ ಅಪ್ಪನ ತೊಡೆಯ ಮೇಲೆ ಜಾಗ, ಸ್ಟೇರಿಂಗ್ ಹಿಡಿಯುವ ಭಾಗ್ಯ. ನನಗೆ ಎಡಗಡೆಯ ಕ್ಲೀನರ್ ಸೀಟು, ಮಡಿಲಲ್ಲಿ ಪೂಜೆ ತಟ್ಟೆ. ನಾನೂ ಸ್ಟೇರಿಂಗ್ ಹಿಡಿಯುತ್ತೇನೆ ಎಂದು ಹಟ ಮಾಡಿದರೆ, ‘‘ಹೆಣ್ಮಗು ನೀನು, ತಟ್ಟೆ ಜೋಪಾನ ಕಣಮ್ಮ’’ ಎನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಪ್ರೀತಿಯಿಂದ ಹೇಳಿದ್ದನ್ನು ಜಗಳವಾಡಿ ಗೆಲ್ಲುವುದು ಹೇಗೆ?

ಹಾಗಾಗಿ ನನಗೆ ಸ್ಟೇರಿಂಗ್ ಸಿಕ್ಕಿದ್ದು ತಲೆ ನರೆತ ಮೇಲೆ, ಅದೂ ಪರದೆಯ ಮೇಲೆ. ದಿನದಲ್ಲಿ ಆ ಒಂದಿಷ್ಟು ಹೊತ್ತು ನನ್ನನ್ನು ಯಾರೂ ‘ಉಪ್ಪಿನಕಾಯಿ ಎಲ್ಲಿಟ್ಟೆ’ ಎಂದು ಕೇಳುವುದಿಲ್ಲ. ಕೇಳಿದರೂ ನನಗೆ ಕೇಳಿಸುವುದಿಲ್ಲ.

ಈಚೆಗೆ ಆ ಲಾರಿಗೆ ಏನೋ ಆಗಿತ್ತು. ಚೆನ್ನಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತಲ್ಲೇ ನಿಲ್ಲುವುದು, ಆಮೇಲೆ ಒಂದೇ ನೆಗೆತಕ್ಕೆ ಹೋಗಿ ಟೋಲ್ ಗೇಟಿನ ಕಂಬಕ್ಕೆ ಗುದ್ದುವುದು. (ನಮ್ಮೂರಿನವರಿಗೆ ಟೋಲ್ ಗೇಟಿನ ಮೇಲೆ ಸಿಟ್ಟಿರುವುದು ನಿಜ. ಆದರೆ ನಾನು ಬೇಕೆಂದು ಗುದ್ದುತ್ತಿರಲಿಲ್ಲ.) ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದೆ. ಕಂಪ್ಯೂಟರಿನ ಒಳಗೆ ಯಾವ ಪ್ರೋಗ್ರಾಮ್ ಎಷ್ಟು ಕೆಲಸ ಹಿಡಿದುಕೊಂಡಿದೆ ಎಂದು ತೋರಿಸುವ ಕಿಟಕಿ ಅದು. ಪ್ರೊಸೆಸರ್ ಬಳಕೆ ನೂರಕ್ಕೆ ನೂರು. ಇಳಿಯುವ ಮಾತೇ ಇಲ್ಲ.

ನಾನೇನೂ ಕೈಕಟ್ಟಿ ಕೂರಲಿಲ್ಲ. ಬ್ರೌಸರ್ ಮುಚ್ಚಿದೆ. ಹಿಂದೆ ಸುಮ್ಮನೆ ಓಡುತ್ತಿದ್ದ ಪ್ರೋಗ್ರಾಮುಗಳನ್ನೆಲ್ಲ ನಿಲ್ಲಿಸಿದೆ. ವೈರಸ್ ಇದೆಯೇ ಎಂದು ಪರೀಕ್ಷೆ ಮಾಡಿಸಿದೆ. ಗೇಮಿನ ಸೆಟ್ಟಿಂಗ್‌ನಲ್ಲಿ ಮರದ ನೆರಳು ತೆಗೆದೆ, ಮಳೆ ತೆಗೆದೆ, ದೂರದ ಬೆಟ್ಟ ತೆಗೆದೆ. ಕೊನೆಗೆ ಬೋಳು ರಸ್ತೆಯಲ್ಲಿ ಬೋಳು ಲಾರಿ ಓಡಿಸಿದರೂ ಅದೇ ನೂರು, ಅದೇ ಕಂಬ.

ಮನೆಯಲ್ಲಿ ಹೇಳಿಕೊಂಡೆ. ಮಗಳು, ಆ ಹೊತ್ತಿನಲ್ಲಿ ವಾಕಿಂಗ್ ಹೋದರೆ ಮಂಡಿಗಾದರೂ ಒಳ್ಳೆಯದು ಎಂದಳು. ಯಜಮಾನರು ಪೇಪರಿನಿಂದ ಕಣ್ಣು ತೆಗೆಯದೆ ತೀರ್ಪು ಕೊಟ್ಟರು.

‘‘ಆ ಗೇಮ್ ತೆಗ್ದಾಕು ಕಣೇ, ಎಲ್ಲಾ ಸರಿಹೋಗುತ್ತೆ.’’

ಇದು ಯಾವ ಸೀಮೆಯ ನ್ಯಾಯ ಸ್ವಾಮಿ? ಮಿಕ್ಸಿಯಿಂದ ಸುಟ್ಟ ವಾಸನೆ ಬಂದರೆ ‘ಚಟ್ನಿ ತಿನ್ನುವುದು ಬಿಡೋಣ’ ಎಂದು ಯಾರಾದರೂ ಹೇಳುತ್ತಾರೆಯೇ? ಮ್ಯಾಚ್ ನಡೆಯುವಾಗ ಟಿವಿ ಕೆಟ್ಟರೆ ಇವರು ಕ್ರಿಕೆಟ್ ಬಿಟ್ಟು ವಾಕಿಂಗ್ ಹೊರಡುತ್ತಾರೆಯೇ? ಕೇಬಲ್‌ನವನಿಗೆ ಫೋನ್ ಮೇಲೆ ಫೋನ್ ಹೋಗುತ್ತದೆ. ಇದೇ ಕಂಪ್ಯೂಟರಿನಲ್ಲಿ ನಾನು ಇವರ ಜಮೀನಿನ ಪಹಣಿ ತೆಗೆದಿದ್ದೇನೆ, ಮಗಳ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ. ಆಗ ಪ್ರೊಸೆಸರ್ ತಿಣುಕಾಡಿದ್ದರೆ, ಅರ್ಜಿಯನ್ನೇ ಡಿಲೀಟ್ ಮಾಡು ಎನ್ನುತ್ತಿದ್ದರೇ? ಮನೆಯವರ ಕೆಲಸಕ್ಕೆ ಬಳಸಿದರೆ ಅದು ಕಂಪ್ಯೂಟರ್. ಮನೆಯ ಹೆಂಗಸು ತನ್ನ ಖುಷಿಗೆ ಬಳಸಿದರೆ ಅದು ಕಂಪ್ಯೂಟರ್ ಕೆಡಿಸುವ ಚಾಳಿ.

ಅದಕ್ಕೇ ಅಂಗಡಿಗೆ ಫೋನ್ ಮಾಡಿದ್ದು. ಬಂದಾತ ನನ್ನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತ, ನನ್ನ ಕೈಯಿಂದ ಮೌಸ್ ಇಸಿದುಕೊಂಡ, ಪರದೆಯ ಮೇಲೆ ಲಾರಿಯ ಚಿತ್ರ ನೋಡಿದ. ನೋಡಿದ್ದೇ ತಡ, ಮೇಲೆ ಹೇಳಿದ ಆ ಪ್ರಶ್ನೆ. ಕಂಪ್ಯೂಟರಿನ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಅದು ಮೇಜಿನ ಕೆಳಗೆ ಗೋಡೆಗೆ ಒತ್ತಿಕೊಂಡಿತ್ತು, ಬಗ್ಗಿ ನೋಡಲೂ ಇಲ್ಲ. ಕಾರಣ ಸಿಕ್ಕಿಬಿಟ್ಟಿತ್ತಲ್ಲ.

ಗೇಮ್ ಡಿಲೀಟ್ ಮಾಡಿಬಿಡಲೇ ಎಂದು ಮತ್ತೆ ಸೋಫಾದ ಕಡೆಗೇ ಕೇಳಿದ. ಸೋಫಾದಿಂದ ‘‘ಮಾಡಿ, ಮಾಡಿ’’ ಎಂದು ಅಪ್ಪಣೆಯಾಯಿತು. ಪರದೆಯ ಮೇಲಿನ ಬಾಣ ಡಿಲೀಟ್ ಗುಂಡಿಯ ಹತ್ತಿರ ಬಂತು. ಅದನ್ನು ಒತ್ತಿದರೆ ಹೋಗುತ್ತಿದ್ದದ್ದು ಬರೀ ಗೇಮ್ ಅಲ್ಲ. ಗುದ್ದಿ, ಕೆಡವಿ, ಕಲಿತು, ಒಂದೊಂದೇ ಊರು ದಾಟಿ ನಾನು ಬೆಳೆಸಿದ ಲಾರಿ ಅದು. ಹೋದರೆ ಮತ್ತೆ ನನಗೆ ಸಿಗುವುದು ಅದೇ ಕ್ಲೀನರ್ ಸೀಟು.

ಆತನ ಕೈ ಮೇಲೆಯೇ ಕೈ ಇಟ್ಟು ಮೌಸ್ ಹಿಡಿದೆ.

‘‘ಕೈ ತೆಗೀರಿ. ಗೇಮ್ ನಂದು, ಆಡೋದು ನಾನು. ಏನ್ ಕೇಳೋದಿದ್ರೂ ನನ್ನ ಕೇಳಿ.’’

ಪೇಪರ್ ಕೆಳಗಿಳಿಯಿತು. ಬಂದಾತ ಅವರನ್ನು ನೋಡಿ ನಕ್ಕು, ‘‘ಓ, ಆಂಟಿ ಆಡ್ತಾರಾ?’’ ಎಂದ. ಆಗಲೂ ನನ್ನನ್ನು ಕೇಳಲಿಲ್ಲ. ಪ್ರೊಸೆಸರ್ ಹಳೆಯದಾಗಿದೆ, ಹೊಸ ಕಂಪ್ಯೂಟರ್ ತೆಗೆದುಕೊಳ್ಳಿ ಎಂದು ಅವರಿಗೇ ಹೇಳಿ ಬೈಕ್ ಹತ್ತಿದ.

ಸಿಟ್ಟು ಬಂದಾಗ ಕೆಲವರು ಪಾತ್ರೆ ಕುಕ್ಕುತ್ತಾರೆ. ನಾನು ಟಾಸ್ಕ್ ಮ್ಯಾನೇಜರ್ ತೆಗೆದು ಕೂತೆ. ಈ ಸಲ ಆ ನೂರನ್ನು ಬಿಟ್ಟು ಅದರ ಆಸುಪಾಸಿನಲ್ಲಿ ಇದ್ದದ್ದನ್ನೆಲ್ಲ ಓದಿದೆ. ಕೆಳಗೆ ಪ್ರೊಸೆಸರಿನ ವೇಗ ತೋರಿಸುತ್ತಾರೆ. ಗೇಮ್ ಶುರುವಾದಾಗ ಸರಿಯಾಗಿದ್ದ ವೇಗ, ಲಾರಿ ಊರು ದಾಟುವಷ್ಟರಲ್ಲಿ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಪ್ರೊಸೆಸರ್ ಅತಿಯಾಗಿ ಬಿಸಿಯಾದರೆ ಸುಟ್ಟುಹೋಗದಿರಲು ತಾನೇ ವೇಗ ತಗ್ಗಿಸಿಕೊಳ್ಳುತ್ತದಂತೆ. ಶಕ್ತಿ ಅರ್ಧವಾದರೆ ಅದೇ ಕೆಲಸಕ್ಕೆ ಇದ್ದಬದ್ದದ್ದೆಲ್ಲ ಬೇಕು, ಅದಕ್ಕೇ ನೂರು. ಹಾಗಾದರೆ ಇಷ್ಟು ಬಿಸಿ ಯಾಕೆ?

ಮಂಡಿಯನ್ನು ಶಪಿಸುತ್ತ ಮೇಜಿನ ಕೆಳಗೆ ಕೂತು ಪೆಟ್ಟಿಗೆ ಮುಟ್ಟಿದೆ. ದೋಸೆ ಕಾವಲಿ. ಗೋಡೆಯಿಂದ ಈಚೆಗೆ ಎಳೆದು ತಿರುಗಿಸಿದೆ.

ಅಲ್ಲಿತ್ತು ನೋಡಿ. ಪೆಟ್ಟಿಗೆಯ ಪಕ್ಕದಲ್ಲಿ ಗಾಳಿ ಹೋಗಲೆಂದು ಬಿಟ್ಟಿರುವ ತೂತುಗಳ ಮೇಲೆ, ಅಗಲವಾಗಿ, ಭಕ್ತಿಯಿಂದ ಬಳಿದ ವಿಭೂತಿ ಪಟ್ಟೆ. ಅದರ ಮೇಲೆ ಗಂಧ. ಗಂಧದ ಮೇಲೆ ಕುಂಕುಮ. ಅದರಡಿಯಲ್ಲಿ ಹಿಂದಿನ ವರ್ಷದ್ದು, ಅದರಡಿಯಲ್ಲಿ ಅದರ ಹಿಂದಿನದು. ನಮ್ಮ ಯಜಮಾನರು ಪ್ರತಿ ಆಯುಧಪೂಜೆಗೆ ಸ್ಕೂಟರ್, ಮಿಕ್ಸಿ, ಕಂಪ್ಯೂಟರ್ ಎಲ್ಲಕ್ಕೂ ತಾವೇ ಪೂಜೆ ಮಾಡುತ್ತಾರೆ. ಸ್ಕೂಟರಿನದು ಮಳೆಗೆ ತೊಳೆದುಹೋಗುತ್ತದೆ. ಮಿಕ್ಸಿಯದು ನಾನು ಒರೆಸುತ್ತೇನೆ. ಕಂಪ್ಯೂಟರಿನದನ್ನು ದೇವರ ಗುರುತು ಎಂದು ಒರೆಸದೆ ಗೋಡೆಯ ಕಡೆಗೆ ತಳ್ಳಿಬಿಡುತ್ತಾರೆ. ಹಿಂಬದಿಯ ವೈರಿಗೆ ಸಿಕ್ಕಿಸಿದ್ದ ಚೆಂಡುಹೂವಿನ ಹಾರದ ದಾರ ಮಾತ್ರ ಉಳಿದಿತ್ತು. ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿದೆ. ಹೂವಿನ ಎಸಳೆಲ್ಲ ಒಣಗಿ ಒಳಗಿನ ಫ್ಯಾನಿಗೆ ಮೆತ್ತಿಕೊಂಡಿದ್ದವು.

ಒದ್ದೆ ಬಟ್ಟೆ ತಂದೆ. ಅಷ್ಟು ಹೊತ್ತಿಗೆ ಅವರು ಎದ್ದು ಬಂದು, ದೇವರಿಗೆ ಇಟ್ಟದ್ದನ್ನು ಒರೆಸುತ್ತಿದ್ದೀಯಲ್ಲ ಎಂದು ಗಾಬರಿಯಾದರು.

‘‘ಹಣೆಗಿಡೋದನ್ನ ಮೂಗಿಗೆ ಇಟ್ಟಿದ್ದೀರಲ್ರೀ. ಉಸಿರು ಎಲ್ಲಿಂದ ಆಡ್ಬೇಕು ಇದು?’’

ಒರೆಸಿದೆ. ಬ್ರಷ್‌ನಲ್ಲಿ ಫ್ಯಾನ್ ಉಜ್ಜಿದೆ. ಎಸಳನ್ನು ಆರಿಸಿ ತುಳಸಿ ಬುಡಕ್ಕೆ ಹಾಕಿದೆ. ತಗಡು ಮುಚ್ಚಿ, ಪೆಟ್ಟಿಗೆಯನ್ನು ಗೋಡೆಯಿಂದ ದೂರವಿಟ್ಟು ಗೇಮ್ ತೆಗೆದೆ. ನೆರಳು, ಮಳೆ, ಬೆಟ್ಟ ಎಲ್ಲವನ್ನೂ ವಾಪಸ್ ಹಾಕಿದೆ. ಪ್ರೊಸೆಸರ್ ಬಳಕೆ ಅರ್ಧದ ಆಸುಪಾಸು. ನನ್ನ ಲಾರಿ ಟೋಲ್ ಗೇಟನ್ನು ಮರ್ಯಾದೆಯಿಂದ ದಾಟಿತು. ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದವರು ತಪ್ಪಾಯಿತು ಎನ್ನುತ್ತಾರೇನೋ ಎಂದು ಕಾದೆ. ಪೂಜೆ ಮಾಡಿದ್ದರಿಂದಲೇ ಇಷ್ಟು ವರ್ಷ ಬಾಳಿಕೆ ಬಂತು ಎಂದರು.

ನನ್ನ ಸಿಟ್ಟು ಪೂಜೆಯ ಮೇಲಲ್ಲ. ಲಾರಿ ಮನೆಯವಳಿಗೆ ಆಯುಧಪೂಜೆ ಬೇಡವಾಗುತ್ತದೆಯೇ? ಆದರೆ ಇಷ್ಟು ದಿನ ಎಲ್ಲರ ಬಾಯಲ್ಲೂ ಅಪರಾಧಿ ನನ್ನ ಆಟ. ತಪ್ಪು ಅದರದ್ದಲ್ಲ ಎಂದು ಗೊತ್ತಾದ ಮೇಲೂ ಒಬ್ಬರೂ ಆ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಅದು ಉರಿಯುತ್ತದೆ.

ಈಗ ಮತ್ತೆ ಆಯುಧಪೂಜೆ ಹತ್ತಿರ ಬಂದಿದೆ. ನಿನ್ನೆ ಯಜಮಾನರು ಗಂಧದ ಕೊರಡು ಹುಡುಕುತ್ತ, ಈ ಸಲ ಕಂಪ್ಯೂಟರಿಗೆ ಎಲ್ಲಿ ಕುಂಕುಮ ಇಡಲಿ ಎಂದು ಕೇಳಿದರು. ಕೇಳಿದರಲ್ಲ, ಅಷ್ಟಾದರೂ ಆಯಿತು. ಆಯುಧ ಯಾರ ಕೈಯಲ್ಲಿರುತ್ತದೋ ಅವರೇ ಪೂಜೆ ಮಾಡಬೇಕಾದ್ದು, ಈ ಸಲ ನಾನೇ ಇಡುತ್ತೇನೆ ಎಂದೆ. ಹಾಗಾದರೆ ತಾವೇನು ಮಾಡಬೇಕು ಎಂದರು.

‘‘ನೀವು ತಟ್ಟೆ ಹಿಡ್ಕೊಳ್ಳಿ, ಜೋಪಾನ.’’