ಗೃಹಪ್ರವೇಶಕ್ಕೆ ಹೋದ ನಮ್ಮ ಹಸು

ಆ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಒಂದು ಹಳೇ ಇಂಗ್ಲಿಷ್ ಸಿನಿಮಾ ಬರುತ್ತಿತ್ತು. ನೂರಾರು ದನ, ಕುದುರೆ, ಅಗಲ ಟೋಪಿ. ಹುಲ್ಲುಗಾವಲಿಗೆ ಬೇಲಿ ಹಾಕಿದವರಿಗೂ ದನ ಸಾಕಿದವನಿಗೂ ಬಂದೂಕಿನ ಜಗಳ. ನಮ್ಮ ಯಜಮಾನರಿಗೆ ಇಂಗ್ಲಿಷ್ ಬಾರದು. ಆದರೂ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು.

"ನೋಡೇ, ಅಲ್ಲೂ ಬೇಲಿ."

"ಅವನ ಹತ್ರ ಬಂದೂಕಿದೆ. ನಿಮ್ಮ ಹತ್ರ ಏನಿದೆ, ಹಾಲಿನ ಕ್ಯಾನು," ಎಂದೆ. ಅವರು ನಗಲಿಲ್ಲ.

ಬ್ಯಾಡರಹಳ್ಳಿಯ ನಮ್ಮ ಮನೆಯ ಹಿಂದೆ ನಾಲ್ಕು ಖಾಲಿ ಸೈಟುಗಳಿದ್ದವು. ನಾನು ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯ ದನ ಮೇಯುತ್ತಿದ್ದದ್ದು ಅಲ್ಲೇ. ಪಕ್ಕದಲ್ಲಿ ಹೊಸ ಮನೆ ಕಟ್ಟಿಸಿದಾತ ಆ ನಾಲ್ಕನ್ನೂ ಕೊಂಡು ಸುತ್ತ ಕಲ್ಲುಕಂಬ ನೆಡಿಸಿದ್ದ. ಮುಳ್ಳುತಂತಿ ಬಿಗಿದರೆ ಮುಗಿಯಿತು. ಹುಲ್ಲು ಕೊಂಡು ಹಾಕಿ ಎರಡು ಹಸು ಸಾಕುವ ಶಕ್ತಿ ನಮಗಿರಲಿಲ್ಲ, ಒಂದನ್ನು ಮಾರಲೇಬೇಕಿತ್ತು.

ಸಿನಿಮಾದಲ್ಲಿ ಯಾರೋ ತಂತಿ ಕತ್ತರಿಸಿದ. ಇವರು ಎದ್ದವರೇ ಕಟಿಂಗ್ ಪ್ಲೇಯರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ನಾನು ಚಪ್ಪಲಿ ಕೂಡ ಮೆಟ್ಟದೆ ಹಿಂದೆ ಓಡಿದೆ.

ಸೈಟಿನಲ್ಲಿ ಇಬ್ಬರು ಆಳುಗಳು ತಂತಿ ಎಳೆಯುತ್ತಿದ್ದರು. ಆತ ಕೈಕಟ್ಟಿ ನಿಂತಿದ್ದ.

"ಸಾರ್, ಒಂದು ಕಡೆ ದನಕ್ಕೆ ದಾರಿ ಬಿಡಿ," ಎಂದರು ಇವರು.

"ನನ್ನ ಜಾಗಕ್ಕೆ ನಾನು ಬೇಲಿ ಹಾಕ್ತಿದೀನಿ. ತಪ್ಪಾ?"

ತಪ್ಪಲ್ಲ. ಮೈ ಉರಿದದ್ದೇ ಅದಕ್ಕೆ. ಇವರ ಕೈ ಸೊಂಟಕ್ಕೆ ಹೋಯಿತು. ಆತ ಫೋನ್ ತೆಗೆದ. ಆಳುಗಳು ಹಾರೆ ಹಿಡಿದು ಹತ್ತಿರ ಬಂದರು. ನಾನು ಇವರ ಮುಂಗೈಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದೆ.

ಅಷ್ಟರಲ್ಲಿ ಆತನ ಹೆಂಡತಿ ಹೊರಗೆ ಬಂದು, ಏನೂ ನಡೆದೇ ಇಲ್ಲವೆನ್ನುವಂತೆ ಕೇಳಿದಳು: "ಆಂಟಿ, ಶುಕ್ರವಾರ ನಮ್ಮ ಗೃಹಪ್ರವೇಶ. ಹಸು-ಕರು ಮೊದಲು ಒಳಗೆ ಬರ್ಬೇಕಲ್ಲ, ನಿಮ್ಮದನ್ನ ಕಳಿಸ್ತೀರಾ?"

ಎಂಥ ಧೈರ್ಯ! ಆದರೆ ನನಗೊಂದು ಉಪಾಯ ಹೊಳೆಯಿತು. "ಕಳಿಸ್ತೀವಿ. ನೀವು ದಾರಿ ಬಿಡ್ಬೇಕು."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಆಯ್ತು," ಎಂದ ಆತ. ಪೂಜೆಯ ವಿಷಯಕ್ಕೆ ಕೊಟ್ಟ ಮಾತನ್ನು ಯಾರು ಮುರಿಯುತ್ತಾರೆ ಎಂದು ನಂಬಿದೆ. ಎಲ್ಲಿ, ಯಾವಾಗ ಎಂದು ಕೇಳಲೇ ಇಲ್ಲ. ಗುರುವಾರದ ಹೊತ್ತಿಗೆ ನಾಲ್ಕೂ ಕಡೆ ತಂತಿ ಬಂತು. ಪೂಜೆ ಮುಗಿದ ಮೇಲೆ ಒಂದು ಕಡೆ ಬಿಚ್ಚುತ್ತಾರೆ ಎಂದು ಇವರಿಗೆ ನಾನೇ ಸಮಾಧಾನ ಹೇಳಿದೆ.

ಶುಕ್ರವಾರ ಬೆಳಗ್ಗೆ ಹಸುವಿನ ಮೈ ತೊಳೆದು, ಕೊಂಬಿಗೆ ಹೂ ಸುತ್ತಿ, ಕರುವಿನ ಜೊತೆ ನಾನೇ ಕರೆದುಕೊಂಡು ಹೋದೆ. ನುಣುಪು ಗ್ರಾನೈಟಿನ ಮೇಲೆ ಅದರ ಕಾಲು ಜಾರುತ್ತಿತ್ತು. ಅಕ್ಕಿ ಬೆಲ್ಲ ತಿನ್ನಿಸಿದರು, ಗಂಡ ಹೆಂಡತಿ ಬಗ್ಗಿ ಅದರ ಕಾಲಿಗೆ ಬಿದ್ದರು. ಹೊರಗೆ ಬಂದಿದ್ದೇ ತಡ, ಹಸು ನೇರ ಹುಲ್ಲಿನ ಕಡೆ ನಡೆದು ತಂತಿಗೆ ಕತ್ತು ಒತ್ತಿ ನಿಂತಿತು. ನೆಂಟರು ಒಬ್ಬೊಬ್ಬರೇ ಬಂದು ಅದರ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಊಟಕ್ಕೆ ಹೋದರು.

"ದಾರಿ, ಸಾರ್?"

"ಅವತ್ತು ಗಲಾಟೆ ಬೇಡ ಅಂತ ಹಾಗಂದಿದ್ದು ಆಂಟಿ."

ಹೆಂಡತಿ ತಾಂಬೂಲ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ.

ಮುಂದಿನ ತಿಂಗಳು ಆ ಹಸುವನ್ನೇ ಕರುವಿನ ಸಮೇತ ಮಾರಿದೆವು. ಅವತ್ತು ನೀನು ಕೈ ಹಿಡಿಯದೆ ಇದ್ದಿದ್ದರೆ ಎಂದು ಇವರು ಇವತ್ತಿನವರೆಗೂ ಅಂದಿಲ್ಲ. ಒಂದು ಸಲ ಅಂದುಬಿಟ್ಟಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.